ವಾಕ್ಸ್ವಾತಂತ್ರ್ಯ, ಧರ್ಮಶ್ರದ್ಧೆ ಮತ್ತು ಪತ್ರಿಕಾ ವ್ಯಂಗ್ಯಚಿತ್ರ

ತಾನು ಕಂಡುದನ್ನು ನಿರ್ಭೀತಿಯಿಂದ ನುಡಿಯುವ, ಬರೆಯುವ, ರೇಖೆಗಳಲ್ಲಿ ಚಿತ್ರಿಸುವ ಪ್ರಜೆಯ ಹಕ್ಕಿಗೂ, ತಲೆಮಾರುಗಳಿಂದ ಪೂಜ್ಯವೆಂದು ಭಾವಿಸಿಕೊಂಡು ಬಂದ ದೈವ, ಪ್ರವಾದಿ, ಗುರು, ಗ್ರಂಥಗಳ ಅವಹೇಳನದಿಂದ ಒಂದು ಸಮುದಾಯದ ಮನಸ್ಸಿಗೆ ಒದಗುವ ನೋವಿಗೂ ನಡುವೆ ಉಂಟಾಗುವ ಸಂಘರ್ಷವು ಆಧುನಿಕ ಪ್ರಜಾಪ್ರಭುತ್ವಗಳು ಎದುರಿಸಬೇಕಾಗಿ ಬಂದಿರುವ ಕ್ಲಿಷ್ಟ ಸಮಸ್ಯೆಗಳಲ್ಲಿ ಒಂದು. ಮುದ್ರಣವು ಮನೆಮನೆಗೆ ತಲುಪಿದ ಮೇಲೆ ಈ ಸಮಸ್ಯೆ ತೀಕ್ಷ್ಣವಾಯಿತು. ಅದರಲ್ಲಿಯೂ ಪತ್ರಿಕಾ ವ್ಯಂಗ್ಯಚಿತ್ರವು, ಲೋಕವ್ಯವಹಾರದ ಓರೆಕೋರೆಗಳನ್ನು ಕೆಲವೇ ಗೆರೆಗಳಲ್ಲಿ ಹಿಗ್ಗಿಸಿ ತೋರುವ ಕಲೆಯಾದುದರಿಂದಲೂ, ಅಕ್ಷರ ಬಾರದವನಿಗೂ ಒಂದೇ ನೋಟಕ್ಕೆ ಅರ್ಥವಾಗುವಂತಹುದಾದುದರಿಂದಲೂ, ಈ ಸಂಘರ್ಷದ ಮುಂಚೂಣಿಯಲ್ಲಿ ನಿಂತಿತು. ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರವಾಗಿ ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿರುವ ಜವನಗೊಂಡನಹಳ್ಳಿಯಂತಹ ಊರಿನ ಹೋಟೆಲಿನಲ್ಲಿ, ಮೇಜಿನಿಂದ ಮೇಜಿಗೆ ಕೈ ಬದಲಾಯಿಸುವ ಒಂದೇ ಪತ್ರಿಕೆಯ ಸಂಪಾದಕೀಯವನ್ನು ಓದುವವರು ಇಬ್ಬರೋ ಮೂವರೋ ಇದ್ದಾರು. ಆದರೆ ಮುಖಪುಟದ ಮೂಲೆಯ ವ್ಯಂಗ್ಯಚಿತ್ರವನ್ನು ನೋಡದೆ ಪತ್ರಿಕೆಯನ್ನು ಮಡಿಸುವವರಿಲ್ಲ. ಆ ಕಲೆಯ ಶಕ್ತಿಯೂ ಅಪಾಯವೂ ಇಲ್ಲಿಯೇ ಇವೆ.

ಕನ್ನಡನಾಡಿನಲ್ಲಿ ಈ ಸಮಸ್ಯೆ ಬೆಳೆದುಬಂದ ಬಗೆ, ಅದನ್ನು ನಿಯಂತ್ರಿಸಲು ಹುಟ್ಟಿದ ಕಾನೂನು, ಮುಖ್ಯವಾದ ಪ್ರಕರಣಗಳು, ಹೊರನಾಡುಗಳ ಅನುಭವ ಇವುಗಳನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಿದೆ. ಈ ಪ್ರಕರಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಎದ್ದುಕಾಣುವ ಸಂಗತಿಯೆಂದರೆ, ಕೃತಿಯನ್ನು ಆದ್ಯಂತವಾಗಿ ಓದಿದವರ ಅಥವಾ ಚಿತ್ರವನ್ನು ನಿಂತು ನೋಡಿದವರ ಕೋಪಕ್ಕಿಂತ, ಅದರ ಸುದ್ದಿಯನ್ನು ಮಾತ್ರ ಕೇಳಿದವರ ಕೋಪವೇ ಬಹುತೇಕ ಹೆಚ್ಚು ರಕ್ತ ಹರಿಸಿದೆ ಎಂಬುದು.

ಪೂರ್ವಪರಂಪರೆ

ಶ್ರದ್ಧೆಯನ್ನು ಪರೀಕ್ಷೆಗೆ ಒಡ್ಡುವುದೂ ದೇವರೊಡನೆ ಸಲಿಗೆಯಿಂದ ಜಗಳವಾಡುವುದೂ ಕನ್ನಡದ ಧಾರ್ಮಿಕ ಸಾಹಿತ್ಯಕ್ಕೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರು ಆಡಂಬರದ ಪೂಜೆ, ಜಾತಿಯ ಅಹಂಕಾರ, ವೇಷಧಾರಿಗಳಾದ ಜಂಗಮರು ಇವರಾರನ್ನೂ ಬಿಡದೆ ಕಟುವಾಗಿ ಟೀಕಿಸಿದರು. ಹರಿದಾಸರು ನಿಂದಾಸ್ತುತಿಯೆಂಬ ಪ್ರಕಾರವನ್ನೇ ಬೆಳೆಸಿ, ಬಯ್ಗುಳದ ರೂಪದಲ್ಲಿ ಭಕ್ತಿಯನ್ನು ಅರ್ಪಿಸಿದರು. ಸರ್ವಜ್ಞನು ಮಠ, ಮಂತ್ರ, ಮಡಿಗಳನ್ನು ತ್ರಿಪದಿಯ ಮೊನೆಯಿಂದ ಚುಚ್ಚಿದನು. ಇವರು ಆಡಿದ ಮಾತುಗಳನ್ನು ಇಂದು ಹೆಸರಿಲ್ಲದ ಯಾವನಾದರೊಬ್ಬನು ಪತ್ರಿಕೆಯಲ್ಲಿ ಬರೆದರೆ ಅವನ ಮೇಲೆ ದೂರು ದಾಖಲಾಗದೆ ಇರಲಾರದು.

ಜಾನಪದದಲ್ಲಿ ಈ ಸ್ವಾತಂತ್ರ್ಯ ಇನ್ನೂ ವಿಶಾಲವಾಗಿತ್ತು. ಚಿತ್ರದುರ್ಗ, ತುಮಕೂರು ಸೀಮೆಗಳ ಮೂಡಲಪಾಯ ಬಯಲಾಟದಲ್ಲಿ, ರಾತ್ರಿ ಆಟ ಆರಂಭವಾಗುತ್ತಲೇ ರಂಗಕ್ಕೆ ಬರುವ ಕೋಡಂಗಿಯು ಭಾಗವತನೊಡನೆ ವಾದಕ್ಕೆ ನಿಂತು, ಈಗತಾನೇ ಸ್ತುತಿಸಲ್ಪಟ್ಟ ದೇವರನ್ನೂ ಇನ್ನು ಬರಲಿರುವ ರಾಜನನ್ನೂ ಮುಂದೆ ಕುಳಿತ ಊರ ಗೌಡನನ್ನೂ ಒಂದೇ ಉಸಿರಿನಲ್ಲಿ ಹಾಸ್ಯಕ್ಕೆ ಗುರಿಮಾಡುತ್ತಾನೆ. ಆಟವು ದೇವರಿಗೆ ಹೊತ್ತ ಹರಕೆಯಾಗಿದ್ದರೂ ಕೋಡಂಗಿಯ ಮಾತಿನಿಂದ ಹರಕೆ ಕೆಟ್ಟಿತೆಂದು ಯಾರೂ ಭಾವಿಸುವುದಿಲ್ಲ. ಇದೇ ಸೀಮೆಯ ಹಳ್ಳಿಗಳಲ್ಲಿ ಮೊಹರಮ್ಮಿನ ಪೀರಲ ದೇವರಿಗೆ ಹಿಂದೂಗಳು ಹರಕೆ ಹೊರುವುದೂ, ಅಲಾವಿಯ ಸುತ್ತ ವೇಷ ಹಾಕಿ ಕುಣಿಯುವುದೂ ಬಹುಕಾಲದಿಂದ ನಡೆದುಬಂದಿವೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ: ಹಾಸ್ಯ ಮಾಡುವವನೂ ಹಾಸ್ಯಕ್ಕೆ ಒಳಗಾಗುವವನೂ ಒಂದೇ ಊರಿನವರು, ಮರುದಿನ ಬೆಳಗ್ಗೆ ಒಂದೇ ಕೆರೆಯ ಏರಿಯ ಮೇಲೆ ಎದುರಾಗುವವರು, ಮಾತಿನ ಹಿಂದಿನ ಮನಸ್ಸು ಎಂತಹುದೆಂಬುದು ಕೇಳುವವನಿಗೆ ಮೊದಲೇ ಗೊತ್ತು. ಅಪರಿಚಿತನೊಬ್ಬನು ಅಪರಿಚಿತನಿಗೆ ಬರೆಯುವ ಮುದ್ರಿತ ಹಾಳೆಯಲ್ಲಿ ಈ ಪರಿಚಯದ ರಕ್ಷೆ ಇಲ್ಲ.

ಮುದ್ರಣ ಮತ್ತು ವ್ಯಂಗ್ಯಚಿತ್ರ

ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರು ಸಮಾಚಾರ'ವು 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಬಂದಿತು. ಅಲ್ಲಿಂದ ಮುಂದೆ ಪತ್ರಿಕೆ ಬೆಳೆದಂತೆ ಅದರ ಮೇಲಣ ಅಂಕುಶವೂ ಬೆಳೆಯಿತು. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ ಜಾರಿಗೆ ಬಂದ ವೃತ್ತಪತ್ರಿಕಾ ಶಾಸನವು ಪತ್ರಿಕೆ ನಡೆಸಲು ಸರ್ಕಾರದ ಅನುಮತಿಯನ್ನು ಕಡ್ಡಾಯಗೊಳಿಸಿದಾಗ, 'ತಾತಯ್ಯ'ನೆಂದು ಜನರಿಂದ ಕರೆಯಿಸಿಕೊಂಡ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಆ ಕಾಲದ ಅಂಕುಶವು ಧರ್ಮವನ್ನು ರಕ್ಷಿಸಲು ಹುಟ್ಟಿದುದಲ್ಲ, ಅಧಿಕಾರವನ್ನು ರಕ್ಷಿಸಲು ಹುಟ್ಟಿದುದು. ಆದರೆ ಒಮ್ಮೆ ಕೈಗೆ ಸಿಕ್ಕಿದ ಅಂಕುಶವನ್ನು ಬೇರೆ ಬೇರೆ ಕಾರಣ ಹೇಳಿ ಬಳಸಬಹುದೆಂಬುದನ್ನು ಮುಂದಿನ ಚರಿತ್ರೆ ತೋರಿಸಿತು.

ಕನ್ನಡದಲ್ಲಿ ನಗೆಯನ್ನೇ ವ್ರತವಾಗಿಟ್ಟುಕೊಂಡ ಮಾಸಪತ್ರಿಕೆಯೆಂದರೆ, ವೃತ್ತಿಯಿಂದ ವೈದ್ಯರಾಗಿದ್ದ ಎಂ. ಶಿವರಾಂ ('ರಾಶಿ') ಅವರು 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ 'ಕೊರವಂಜಿ'. ನಾ. ಕಸ್ತೂರಿ, ಟಿ. ಸುನಂದಮ್ಮ ಮೊದಲಾದವರ ಲೇಖನಗಳೊಡನೆ, 1921ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್.ಕೆ. ಲಕ್ಷ್ಮಣರ ಆರಂಭಕಾಲದ ಚಿತ್ರಗಳೂ ಅದರಲ್ಲಿ ಪ್ರಕಟವಾದುವು. ಮುಂದೆ ಲಕ್ಷ್ಮಣರು ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನು ನಿರ್ಮಿಸಿದರೆ, ಬೆಂಗಳೂರಿನ 'ಡೆಕ್ಕನ್ ಹೆರಾಲ್ಡ್'ನಲ್ಲಿ ಬಿ.ವಿ. ರಾಮಮೂರ್ತಿಯವರು 'ಮಿಸ್ಟರ್ ಸಿಟಿಜನ್' ಎಂಬ ನಾಗರಿಕನನ್ನು ಚಿತ್ರಿಸಿದರು, 'ಪ್ರಜಾವಾಣಿ'ಯ ಪಿ. ಮಹಮ್ಮದ್, ಕುಂದಾಪುರದ ಸತೀಶ್ ಆಚಾರ್ಯ ಮೊದಲಾದವರು ಆ ಪರಂಪರೆಯನ್ನು ಮುಂದುವರಿಸಿದರು. ಈ ಪರಂಪರೆಯ ಬಾಣಗಳು ಬಹುಮಟ್ಟಿಗೆ ಮಂತ್ರಿಗಳ ಮೇಲೆ, ಬೆಲೆಯೇರಿಕೆಯ ಮೇಲೆ, ಲಂಚಕೋರರ ಮೇಲೆ ಬಿದ್ದುವೇ ಹೊರತು ಆರಾಧ್ಯರ ಮೇಲೆ ಬೀಳಲಿಲ್ಲ. ಧರ್ಮದ ವಿಷಯ ಬಂದಾಗಲೂ ಅದು ಹೆಚ್ಚಾಗಿ ಗುರಿಯಿಟ್ಟದ್ದು ಧರ್ಮವನ್ನು ಮತಗಳಿಕೆಯ ಸಾಧನವಾಗಿ ಮಾಡಿಕೊಂಡವರ ಕಡೆಗೆ.

ವ್ಯಂಗ್ಯಚಿತ್ರಕಾರನ ಕೆಲಸದ ರೀತಿಯನ್ನು ತಿಳಿದರೆ ಈ ಸಂಯಮದ ಮಹತ್ತ್ವ ಸ್ಪಷ್ಟವಾಗುತ್ತದೆ. ದಿನಪತ್ರಿಕೆಯ ಚಿತ್ರಕಾರನಿಗೆ ದೊರೆಯುವುದು ಕೆಲವೇ ಗಂಟೆಗಳ ಕಾಲ, ಒಂದು ಅಂಕಣದಗಲದ ಸ್ಥಳ, ಒಂದು ಸಾಲಿನ ಮಾತು. ಲೇಖಕನು 'ಆದರೂ', 'ಬಹುಶಃ' ಎಂಬ ಪದಗಳಿಂದ ತನ್ನ ಅಭಿಪ್ರಾಯವನ್ನು ಹದಗೊಳಿಸಬಲ್ಲ. ಗೆರೆಗೆ ಅಂತಹ ಅವಕಾಶವಿಲ್ಲ. ಮೂಗು ಉದ್ದವಾಗಿ ಬರೆಯಲ್ಪಟ್ಟರೆ ಅದು ಉದ್ದವೇ. ಆದುದರಿಂದ ಚಿತ್ರಕಾರನ ಉದ್ದೇಶವನ್ನು ನೋಡುಗನು ಸಂದರ್ಭದಿಂದ ಊಹಿಸಿಕೊಳ್ಳಬೇಕಾಗುತ್ತದೆ. ಅದೇ ದಿನದ ಸುದ್ದಿಯನ್ನು ಓದಿದವನಿಗೆ ತಿಳಿಯುವ ವ್ಯಂಗ್ಯವು, ಆ ಪುಟದಿಂದ ಕತ್ತರಿಸಿ ಬೇರೆ ಊರಿಗೆ, ಬೇರೆ ವರ್ಷಕ್ಕೆ ಒಯ್ದಾಗ ಕೇವಲ ಅವಮಾನವಾಗಿ ಕಾಣಬಹುದು.

ಕಾನೂನಿನ ಬೆಳವಣಿಗೆ

ಮೆಕಾಲೆಯ ನೇತೃತ್ವದಲ್ಲಿ 1837ರಲ್ಲಿ ಕರಡಾಗಿ 1860ರಲ್ಲಿ ಶಾಸನವಾದ ಭಾರತೀಯ ದಂಡಸಂಹಿತೆಯು ಪೂಜಾಸ್ಥಳವನ್ನು ಅಪವಿತ್ರಗೊಳಿಸುವುದನ್ನೂ, ಮತೀಯ ಭಾವನೆಯನ್ನು ನೋಯಿಸುವ ಸಂಕಲ್ಪದಿಂದ ಎದುರಿಗೆ ಮಾತನಾಡುವುದನ್ನೂ ಅಪರಾಧವೆಂದು ಎಣಿಸಿತ್ತು. ವರ್ಗವರ್ಗಗಳ ನಡುವೆ ದ್ವೇಷ ಹುಟ್ಟಿಸುವುದನ್ನು ದಂಡಿಸುವ 153-ಎ ಕಲಮು 1898ರಲ್ಲಿ ಸೇರಿತು. ಆದರೆ ಲಾಹೋರಿನಲ್ಲಿ 1924ರಲ್ಲಿ ಪ್ರಕಟವಾದ, ಪ್ರವಾದಿ ಮಹಮ್ಮದರ ಖಾಸಗಿ ಜೀವನವನ್ನು ಅವಹೇಳನ ಮಾಡಿದ 'ರಂಗೀಲಾ ರಸೂಲ್' ಎಂಬ ಪುಸ್ತಿಕೆಯ ಪ್ರಕಾಶಕ ರಾಜಪಾಲರನ್ನು 1927ರಲ್ಲಿ ಲಾಹೋರ್ ಹೈಕೋರ್ಟು ಈ ಕಲಮಿನ ವ್ಯಾಪ್ತಿಗೆ ಆ ಬರಹ ಬಾರದೆಂದು ಬಿಡುಗಡೆ ಮಾಡಿದಾಗ ದೊಡ್ಡ ಕೋಲಾಹಲವೆದ್ದು, ಅದೇ ವರ್ಷ 295-ಎ ಎಂಬ ಹೊಸ ಕಲಮು ಹುಟ್ಟಿಕೊಂಡಿತು. ರಾಜಪಾಲರು 1929ರಲ್ಲಿ ಕೊಲೆಗೀಡಾದರು. 'ಉದ್ದೇಶಪೂರ್ವಕವಾದ ಮತ್ತು ದುರುದ್ದೇಶದ' ಅವಮಾನವನ್ನು ಮಾತ್ರ ಈ ಕಲಮು ದಂಡಿಸುತ್ತದೆಂಬುದು ಇದರ ಹೃದಯಭಾಗ. ಅರಿಯದೆ ಆದ ನೋವು, ಪಾಂಡಿತ್ಯದ ವಿಮರ್ಶೆ, ಸುಧಾರಕನ ಕಟುನುಡಿ ಇವು ಅದರ ಹೊರಗುಳಿಯಬೇಕೆಂಬುದು ಅದನ್ನು ರಚಿಸಿದವರ ಆಶಯವಾಗಿತ್ತು.

ಸ್ವತಂತ್ರ ಭಾರತದ ಸಂವಿಧಾನವು 19ನೆಯ ವಿಧಿಯಲ್ಲಿ ವಾಕ್ಸ್ವಾತಂತ್ರ್ಯವನ್ನು ಮೂಲಭೂತ ಹಕ್ಕಾಗಿ ಕೊಟ್ಟಿತು. 1951ರ ಮೊದಲ ತಿದ್ದುಪಡಿಯು 'ಸಾರ್ವಜನಿಕ ಸುವ್ಯವಸ್ಥೆ'ಯ ಹಿತಕ್ಕಾಗಿ ಅದರ ಮೇಲೆ ಯುಕ್ತವಾದ ನಿರ್ಬಂಧ ಹೇರಲು ಅವಕಾಶ ಮಾಡಿತು. 295-ಎ ಕಲಮು ಸಂವಿಧಾನಕ್ಕೆ ವಿರುದ್ಧವೇ ಎಂಬ ಪ್ರಶ್ನೆ 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಆ ಪ್ರಕರಣದ ಹಿನ್ನೆಲೆಯಲ್ಲಿ, ಅಲಹಾಬಾದಿನ ಹಿಂದೀ ದಿನಪತ್ರಿಕೆಯೊಂದರಲ್ಲಿ ಬಂದ, ಕತ್ತೆಯನ್ನು ಕುರಿತ ಲೇಖನ ಅಥವಾ ವ್ಯಂಗ್ಯಚಿತ್ರವೊಂದರಿಂದ ಎದ್ದ ಚಳವಳಿಯ ಉಲ್ಲೇಖವಿರುವುದು ನಮ್ಮ ವಿಷಯಕ್ಕೆ ಅರ್ಥಪೂರ್ಣವಾಗಿದೆ. ಆ ದಿನಪತ್ರಿಕೆಯವರು ಬಿಡುಗಡೆ ಹೊಂದಿದರೂ, 'ಗೌರಕ್ಷಕ' ಎಂಬ ಮಾಸಪತ್ರಿಕೆಯ ಸಂಪಾದಕರಾದ ಮೋದಿಯವರು ಶಿಕ್ಷೆಗೊಳಗಾದರು. ನ್ಯಾಯಾಲಯವು ಕಲಮನ್ನು ಎತ್ತಿಹಿಡಿಯಿತು, ಆದರೆ ಎಲ್ಲ ಬಗೆಯ ಅವಮಾನವೂ ಅಪರಾಧವಲ್ಲ, ದುರುದ್ದೇಶದಿಂದ ಕೂಡಿದ ತೀವ್ರಸ್ವರೂಪದ ಅವಮಾನ ಮಾತ್ರ ಅಪರಾಧವೆಂದು ಗೆರೆ ಎಳೆಯಿತು. ಬರಹವನ್ನು ಯಾರ ಕಣ್ಣಿನಿಂದ ನೋಡಬೇಕೆಂಬ ಪ್ರಶ್ನೆಗೆ, ಎಲ್ಲದರಲ್ಲಿಯೂ ಅಪಾಯ ಕಾಣುವ ದುರ್ಬಲಮನಸ್ಕನ ಕಣ್ಣಿನಿಂದಲ್ಲ, ವಿವೇಕಿಯೂ ದೃಢಚಿತ್ತನೂ ಆದವನ ಕಣ್ಣಿನಿಂದ ಎಂದು ನಾಗಪುರದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ 1946ರಲ್ಲಿ ಹೇಳಿದ ಮಾನದಂಡವನ್ನು, 1988ರಲ್ಲಿ 'ತಮಸ್' ದೂರದರ್ಶನ ಧಾರಾವಾಹಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತನ್ನದಾಗಿಸಿಕೊಂಡಿತು. ಗಲಭೆಯ ಬೆದರಿಕೆಗೆ ಮಣಿದು ಸ್ವಾತಂತ್ರ್ಯವನ್ನು ಅಡವಿಡಲಾಗದೆಂದು 1989ರಲ್ಲಿ ಎಸ್. ರಂಗರಾಜನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ನುಡಿಯಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 153-ಎ ಕಲಮು 196 ಆಗಿ, 295-ಎ ಕಲಮು 299 ಆಗಿ ಮುಂದುವರಿದಿವೆ. ಈ ಅಪರಾಧಗಳನ್ನು ನ್ಯಾಯಾಲಯವು ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಅಗತ್ಯ. ಆದರೆ ಪೊಲೀಸರು ದೂರು ದಾಖಲಿಸಿ ಬಂಧಿಸಲು ಆ ಅನುಮತಿ ಬೇಕಿಲ್ಲ. ಅಂದರೆ ಹಿರಿಯೂರಿನ ಠಾಣೆಯಲ್ಲಿ ಬೆಂಗಳೂರಿನ ಚಿತ್ರಕಾರನ ಮೇಲೆ ಒಬ್ಬರು, ಹೊಸದುರ್ಗದಲ್ಲಿ ಇನ್ನೊಬ್ಬರು, ಹೊಳಲ್ಕೆರೆಯಲ್ಲಿ ಮತ್ತೊಬ್ಬರು ದೂರು ಕೊಟ್ಟರೆ, ಕೊನೆಗೆ ಅವನು ನಿರ್ದೋಷಿಯೆಂದು ಸ್ಥಾಪಿತವಾಗುವ ಮೊದಲೇ ವಕೀಲರ ಶುಲ್ಕದಲ್ಲಿಯೂ ಬಸ್ಸಿನ ಪ್ರಯಾಣದಲ್ಲಿಯೂ ಅವನು ಶಿಕ್ಷೆಯನ್ನು ಅನುಭವಿಸಿ ಮುಗಿಸಿರುತ್ತಾನೆ. ಇದಲ್ಲದೆ ಆಕ್ಷೇಪಾರ್ಹ ಗ್ರಂಥ, ಪತ್ರಿಕೆಗಳನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಸರ್ಕಾರಕ್ಕೆ ದಂಡಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನಿಂದ ದೊರೆತಿತ್ತು. ಅದನ್ನು ಪ್ರಶ್ನಿಸುವವರು ಹೈಕೋರ್ಟಿನ ಮೂವರು ನ್ಯಾಯಾಧೀಶರ ವಿಶೇಷ ಪೀಠಕ್ಕೆ ಹೋಗಬೇಕಾಗಿತ್ತು.

ಕರ್ನಾಟಕದ ಪ್ರಕರಣಗಳು

1986ರ ಡಿಸೆಂಬರ್ 7, ಭಾನುವಾರ, 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯ ಪುರವಣಿಯಲ್ಲಿ 'ಮಹಮ್ಮದ್ ದಿ ಈಡಿಯಟ್' ಎಂಬ ಶೀರ್ಷಿಕೆಯ, ಮಲಯಾಳದಿಂದ ಅನುವಾದಗೊಂಡ ಸಣ್ಣಕಥೆಯೊಂದು ಪ್ರಕಟವಾಯಿತು. ಕಥೆಯು ಪ್ರವಾದಿಯವರನ್ನು ಕುರಿತದ್ದಲ್ಲ. ಆ ಹೆಸರಿನ ಒಬ್ಬ ನತದೃಷ್ಟ ಬಾಲಕನನ್ನು ಕುರಿತದ್ದು. ಆದರೆ ಶೀರ್ಷಿಕೆಯಲ್ಲಿ ಆ ಪವಿತ್ರ ನಾಮದ ಮಗ್ಗುಲಿಗೆ ಆ ಹೀನ ವಿಶೇಷಣ ನಿಂತದ್ದೇ ಸಾಕಾಯಿತು. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ದೊಂಬಿಗಳೆದ್ದುವು; ಪತ್ರಿಕೆಯು ಕ್ಷಮೆ ಯಾಚಿಸಿದರೂ ಶಾಂತವಾಗದೆ, ಗೋಲೀಬಾರಿಗೂ ಹಿಂಸೆಗೂ ಸಿಲುಕಿ ಹತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಬೀದಿಗಿಳಿದವರಲ್ಲಿ ಬಹುಮಂದಿಗೆ ಇಂಗ್ಲಿಷಿನ ಆ ಕಥೆ ತಲುಪಿದ್ದು ಶೀರ್ಷಿಕೆಯ ಸುದ್ದಿಯಾಗಿಯೇ ಹೊರತು ಕಥೆಯಾಗಿ ಅಲ್ಲ. ತಮ್ಮ ಮಕ್ಕಳಿಗೆ ಪ್ರೀತಿಯಿಂದ ಇಡುವ ಹೆಸರನ್ನು ಹಾಗೆ ಅಚ್ಚಾಗಿ ಕಂಡ ಸಾಮಾನ್ಯನ ನೋವು ನಟನೆಯಲ್ಲ. ಶೀರ್ಷಿಕೆಯನ್ನು ಅಚ್ಚಿಗೆ ಕಳುಹಿಸುವ ಮುನ್ನ ಆ ನೋವನ್ನು ಊಹಿಸಬೇಕಾದದ್ದು ಸಂಪಾದನೆಯ ಕರ್ತವ್ಯವಾಗಿತ್ತು. ಆದರೆ ಕಥೆಯನ್ನು ಓದಿದ್ದರೆ ಒಂದು ಪತ್ರದಿಂದ, ಒಂದು ಪ್ರತಿಭಟನಾ ಸಭೆಯಿಂದ ಮುಗಿಯಬಹುದಾಗಿದ್ದ ವಿಷಯವು ಮನೆಮನೆಯ ಶೋಕವಾಗಿ ಪರಿಣಮಿಸಿತೆಂಬುದೂ ಅಷ್ಟೇ ನಿಜ.

ಇದೇ ಬಗೆಯ ಅನುಭವ 2010ರಲ್ಲಿ ಮರುಕಳಿಸಿತು. ಫೆಬ್ರವರಿ 28ರ 'ಕನ್ನಡಪ್ರಭ'ದಲ್ಲಿ, ಬುರ್ಖಾ ಪದ್ಧತಿಯನ್ನು ಕುರಿತು ತಸ್ಲಿಮಾ ನಸ್ರೀನರ ಹೆಸರಿನಲ್ಲಿ ಲೇಖನವೊಂದರ ಅನುವಾದ ಪ್ರಕಟವಾದ ಮರುದಿನ, ಶಿವಮೊಗ್ಗದಲ್ಲಿಯೂ ಹಾಸನದಲ್ಲಿಯೂ ಗಲಭೆಗಳಾದುವು. ಶಿವಮೊಗ್ಗದಲ್ಲಿ ಇಬ್ಬರು ಸತ್ತರು. ತಾವು ಕರ್ನಾಟಕದ ಯಾವ ಪತ್ರಿಕೆಗೂ ಬರೆದಿಲ್ಲವೆಂದು ಲೇಖಕಿ ಸ್ಪಷ್ಟಪಡಿಸುವ ವೇಳೆಗೆ ಹಾನಿ ಆಗಿಹೋಗಿತ್ತು. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ದೇವರಜೀವನಹಳ್ಳಿ, ಕಾಡುಗೊಂಡನಹಳ್ಳಿಗಳಲ್ಲಿ ನಡೆದ ಗಲಭೆಯಲ್ಲಿ, ಫೇಸ್‌ಬುಕ್ಕಿನ ಒಂದು ಬರಹ ಕೆಲವೇ ಗಂಟೆಗಳಲ್ಲಿ ಪೊಲೀಸ್ ಠಾಣೆಗೆ ಬೆಂಕಿಯನ್ನೂ ಗೋಲೀಬಾರಿನಲ್ಲಿ ಮೂವರ ಸಾವನ್ನೂ ತಂದಿತು.

ಮೇಲಿನವು ಬೀದಿಯ ಪ್ರಕರಣಗಳು; ಸರ್ಕಾರದ ಮುಟ್ಟುಗೋಲಿನ ಪ್ರಕರಣಗಳು ಬೇರೆ ಬಗೆಯವು. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯಲ್ಲಿ ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಮತ್ತು ಚೆನ್ನಬಸವಣ್ಣನವರ ಜನ್ಮದ ಕುರಿತ ನಿರೂಪಣೆ ವೀರಶೈವ ಸಮುದಾಯದ ಭಾವನೆಗೆ ಘಾಸಿ ಉಂಟುಮಾಡುತ್ತದೆಂಬ ಆಕ್ಷೇಪ ಪ್ರಬಲವಾಗಿ, 1997ರಲ್ಲಿ ಸರ್ಕಾರವು ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವರಲ್ಲಿ ಪ್ರಮುಖರು, ಸಿರಾ ತಾಲ್ಲೂಕಿನ ಬರಗೂರಿನವರಾದ ಸಾಹಿತಿ ಬರಗೂರು ರಾಮಚಂದ್ರಪ್ಪನವರು. ಕೃತಿಯು ತಮ್ಮದಲ್ಲದಿದ್ದರೂ ಇನ್ನೊಬ್ಬ ಲೇಖಕನ ಹಕ್ಕಿಗಾಗಿ ಹೈಕೋರ್ಟಿನಲ್ಲಿಯೂ ಸುಪ್ರೀಂ ಕೋರ್ಟಿನಲ್ಲಿಯೂ ವಾದಿಸಲು ಮುಂದಾದ ಈ ನಡೆ ಕನ್ನಡ ಸಾಹಿತ್ಯದ ನೈತಿಕ ಚರಿತ್ರೆಯಲ್ಲಿ ಸ್ಮರಣೀಯವಾದುದು. 2007ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮುಟ್ಟುಗೋಲನ್ನು ಎತ್ತಿಹಿಡಿಯಿತು. ಕೃತಿಯೊಂದನ್ನು ಅದರ ಒಂದು ಭಾಗದಿಂದ ಅಳೆಯಬೇಕೇ, ಸಮಗ್ರದಿಂದ ಅಳೆಯಬೇಕೇ ಎಂಬ ಚರ್ಚೆಗೆ ಈ ತೀರ್ಪು ತೆರೆ ಎಳೆಯಲಿಲ್ಲ, ಅದನ್ನು ಇನ್ನಷ್ಟು ತೀವ್ರಗೊಳಿಸಿತು.

ಚಿತ್ರದುರ್ಗ ಜಿಲ್ಲೆಯ ಸಾಸಲಹಟ್ಟಿಯಲ್ಲಿ 1946ರಲ್ಲಿ ಜನಿಸಿದ ಮಾತೆ ಮಹಾದೇವಿಯವರ 'ವಚನ ದೀಪ್ತಿ'ಯ ಪ್ರಕರಣವು ಇನ್ನೊಂದು ಮುಖವನ್ನು ತೋರಿಸುತ್ತದೆ. ಇಲ್ಲಿ ಆರೋಪಿತರಾದವರು ನಾಸ್ತಿಕರಲ್ಲ, ಬಸವತತ್ತ್ವಕ್ಕೆ ತಮ್ಮನ್ನೇ ಮುಡುಪಾಗಿಟ್ಟ ಪೀಠಾಧ್ಯಕ್ಷೆ. ಬಸವಣ್ಣನವರ ವಚನಗಳ 'ಕೂಡಲಸಂಗಮದೇವ' ಎಂಬ ಅಂಕಿತವನ್ನು 'ಲಿಂಗದೇವ' ಎಂದು ಬದಲಾಯಿಸಿ ಪ್ರಕಟಿಸಿದುದರಿಂದ ನೊಂದವರೂ ಅದೇ ಬಸವಣ್ಣನವರ ಭಕ್ತರೇ. ಸರ್ಕಾರವು 1998ರಲ್ಲಿ ಗ್ರಂಥವನ್ನು ನಿಷೇಧಿಸಿತು; 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಸಮರ್ಥಿಸಿತು. ಕಾನೂನು ಭಕ್ತಿಯನ್ನು ರಕ್ಷಿಸಹೊರಟಾಗ ಯಾರ ಭಕ್ತಿ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಪತ್ರಿಕೆಯ ಚಿತ್ರದಿಂದಲೇ ಹುಟ್ಟಿದ ಪ್ರಕರಣವೆಂದರೆ 2013ರ ಏಪ್ರಿಲಿನಲ್ಲಿ 'ಬಿಸಿನೆಸ್ ಟುಡೇ' ನಿಯತಕಾಲಿಕದ ಮುಖಪುಟಕ್ಕೆ ಸಂಬಂಧಿಸಿದುದು. ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿಯವರನ್ನು ವಿಷ್ಣುವಿನ ರೂಪದಲ್ಲಿ, ಹಲವು ಕೈಗಳಲ್ಲಿ ಪಾದರಕ್ಷೆಯೂ ಸೇರಿದಂತೆ ಜಾಹೀರಾತಿನ ವಸ್ತುಗಳನ್ನು ಹಿಡಿದವರಂತೆ ಅಲ್ಲಿ ಚಿತ್ರಿಸಲಾಗಿತ್ತು. ಬೆಂಗಳೂರಿನಲ್ಲಿ ಒಂದು, ಅನಂತಪುರದಲ್ಲಿ ಇನ್ನೊಂದು ಖಾಸಗಿ ದೂರು ದಾಖಲಾದುವು. ಕರ್ನಾಟಕ ಹೈಕೋರ್ಟು ದೂರನ್ನು ರದ್ದುಪಡಿಸಲು ಒಪ್ಪದಿದ್ದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2016ರಲ್ಲಿ ಬೆಂಗಳೂರಿನ ಪ್ರಕರಣವೂ 2017ರಲ್ಲಿ ಅನಂತಪುರದ ಪ್ರಕರಣವೂ ರದ್ದಾದುವು. ದುರುದ್ದೇಶವಿಲ್ಲದೆ, ಅಜಾಗರೂಕತೆಯಿಂದ ಆದ ಅವಮಾನ 295-ಎ ಕಲಮಿಗೆ ಒಳಪಡದೆಂಬ 1957ರ ತತ್ತ್ವವನ್ನು ನ್ಯಾಯಾಲಯವು ಮತ್ತೆ ಎತ್ತಿ ಹೇಳಿತು. ಧೋನಿಯವರಂತಹವರು ನಾಲ್ಕು ವರ್ಷ ಕಾದು ಗೆಲ್ಲಬಲ್ಲರು. ಜಿಲ್ಲಾ ಪತ್ರಿಕೆಯ ಒಬ್ಬ ಚಿತ್ರಕಾರನಿಗೆ ಆ ಸಾಮರ್ಥ್ಯವಿರುವುದಿಲ್ಲ.

ಈ ನಾಡಿನ ಚರಿತ್ರೆಯ ಅತ್ಯಂತ ಕರಾಳವಾದ ಪುಟಗಳು ದೂರು, ಮುಟ್ಟುಗೋಲುಗಳ ಆಚೆಗಿವೆ. ದಾವಣಗೆರೆಯಲ್ಲಿ, 2015ರ ಅಕ್ಟೋಬರಿನಲ್ಲಿ ಯುವ ದಲಿತ ಲೇಖಕ ಹುಚ್ಚಂಗಿ ಪ್ರಸಾದರ ಮೇಲೆ, ಜಾತಿವ್ಯವಸ್ಥೆಯನ್ನು ಟೀಕಿಸಿದ ಅವರ 'ಒಡಲ ಕಿಚ್ಚು' ಕೃತಿಯ ಕಾರಣದಿಂದ ಹಲ್ಲೆ ನಡೆಯಿತು; 2017ರ ಮಾರ್ಚಿನಲ್ಲಿ ಅದೇ ಊರಿನಲ್ಲಿ 'ಢುಂಢಿ' ಕಾದಂಬರಿಯ ಲೇಖಕ ಯೋಗೇಶ್ ಮಾಸ್ಟರರ ಮುಖಕ್ಕೆ ಮಸಿ ಬಳಿಯಲಾಯಿತು. ವಚನಸಾಹಿತ್ಯದ ಸಂಶೋಧನೆಯನ್ನು ಜೀವಿತಕಾರ್ಯವಾಗಿಸಿಕೊಂಡ, 1989ರಲ್ಲಿ ತಮ್ಮ 'ಮಾರ್ಗ' ಸಂಪುಟದ ಬರಹಗಳಿಗಾಗಿ ಮಠಗಳ ಒತ್ತಡಕ್ಕೆ ಸಿಕ್ಕಿ ಮಾತನ್ನು ಹಿಂದೆಗೆದುಕೊಳ್ಳಬೇಕಾಗಿ ಬಂದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ಪತ್ರಿಕಾ ಸಂಪಾದಕಿ ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಅದೇ ಕ್ರಮದಲ್ಲಿ ಕೊಲ್ಲಲಾಯಿತು. ಪುಸ್ತಕಕ್ಕೆ ಪುಸ್ತಕದಿಂದ ಉತ್ತರ ಕೊಡಲಾಗದವರು ಪಿಸ್ತೂಲನ್ನು ಹಿಡಿದರೆ ಅದರಿಂದ ಯಾವ ದೇವರ ಗೌರವವೂ ಉಳಿಯುವುದಿಲ್ಲ.

ಹೊರಜಗತ್ತಿನ ಅನುಭವ

ಡೆನ್ಮಾರ್ಕಿನ 'ಯೂಲಾಂಡ್ಸ್-ಪೋಸ್ಟೆನ್' ಪತ್ರಿಕೆಯು 2005ರ ಸೆಪ್ಟೆಂಬರ್ 30ರಂದು ಪ್ರವಾದಿ ಮಹಮ್ಮದರ ವಿಷಯವಾಗಿ ಹನ್ನೆರಡು ವ್ಯಂಗ್ಯಚಿತ್ರಗಳನ್ನು ಪ್ರಕಟಿಸಿತು. ಲೋಕವ್ಯಾಪಿಯಾದ ಕ್ರೋಧ ಎದ್ದುದು ಕೂಡಲೇ ಅಲ್ಲ, ಸುಮಾರು ನಾಲ್ಕು ತಿಂಗಳ ಅನಂತರ. ಆ ನಡುವೆ ಡೆನ್ಮಾರ್ಕಿನ ಕೆಲವು ಇಮಾಮರು ಪಶ್ಚಿಮ ಏಷ್ಯಾಕ್ಕೆ ಒಯ್ದ ಕಡತದಲ್ಲಿ ಪತ್ರಿಕೆಯು ಎಂದೂ ಪ್ರಕಟಿಸದಿದ್ದ, ಇನ್ನೂ ಹೇಯವಾದ ಚಿತ್ರಗಳೂ ಸೇರಿದ್ದುವು. 2006ರ ಫೆಬ್ರವರಿಯಲ್ಲಿ ಡಮಾಸ್ಕಸ್, ಬೈರೂತ್‌ಗಳಲ್ಲಿ ರಾಯಭಾರ ಕಚೇರಿಗಳು ಸುಟ್ಟುವು, ಹಲವು ದೇಶಗಳಲ್ಲಿ ಜನರು ಸತ್ತರು. ಆ ಚಿತ್ರಗಳನ್ನು ಮರುಮುದ್ರಿಸಿದ ಪ್ಯಾರಿಸ್ಸಿನ 'ಶಾರ್ಲಿ ಎಬ್ಡೊ' ವಾರಪತ್ರಿಕೆಯ ಕಚೇರಿಯ ಮೇಲೆ 2015ರ ಜನವರಿ 7ರಂದು ನಡೆದ ದಾಳಿಯಲ್ಲಿ ಕಾಬು, ವೊಲಿನ್‌ಸ್ಕಿ ಮೊದಲಾದ ಹಿರಿಯ ಚಿತ್ರಕಾರರೂ ಸೇರಿ ಹನ್ನೆರಡು ಮಂದಿ ಹತರಾದರು. ಅವರಲ್ಲಿ ಕರ್ತವ್ಯದ ಮೇಲಿದ್ದ ಮುಸಲ್ಮಾನ ಪೊಲೀಸನೂ ಒಬ್ಬ. ಅದೇ ತಿಂಗಳು ಆ ಪತ್ರಿಕೆಯ ಮುಖಪುಟವನ್ನು ಸುದ್ದಿಯ ಭಾಗವಾಗಿ ಪ್ರಕಟಿಸಿದ, ಮುಂಬಯಿಯ ಉರ್ದು ಪತ್ರಿಕೆ 'ಅವಧ್‌ನಾಮಾ'ದ ಸಂಪಾದಕಿ ಶಿರೀನ್ ದಳವಿಯವರು ಕ್ಷಮೆ ಕೇಳಿದರೂ ಬಂಧನಕ್ಕೊಳಗಾದರು, ಆ ಆವೃತ್ತಿಯೇ ಮುಚ್ಚಿಹೋಯಿತು.

ನೋವು ಕೇವಲ ದೇವರ ವಿಷಯದ್ದಲ್ಲವೆಂಬುದನ್ನು ಅಂಬೇಡ್ಕರರ ವ್ಯಂಗ್ಯಚಿತ್ರದ ವಿವಾದ ತೋರಿಸಿತು. ಸಂವಿಧಾನರಚನೆಯ ನಿಧಾನಗತಿಯನ್ನು ಕುರಿತು ವ್ಯಂಗ್ಯಚಿತ್ರಕಾರ ಶಂಕರ್ ಅವರು 1949ರಲ್ಲಿ ಬರೆದಿದ್ದ ಚಿತ್ರವು ಹನ್ನೊಂದನೆಯ ತರಗತಿಯ ರಾಜ್ಯಶಾಸ್ತ್ರದ ಪಠ್ಯದಲ್ಲಿ ಇದ್ದುದು 2012ರ ಮೇ ತಿಂಗಳಲ್ಲಿ ಪಾರ್ಲಿಮೆಂಟಿನಲ್ಲಿ ಪ್ರಸ್ತಾಪಕ್ಕೆ ಬಂದು, ಪಠ್ಯದ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್, ಯೋಗೇಂದ್ರ ಯಾದವ್ ರಾಜೀನಾಮೆಯಿತ್ತರು. ಆ ಕಾಲದ ನೋಡುಗನಿಗೆ ಅದು ವಿಳಂಬದ ವಿನೋದವಾಗಿತ್ತು. ಚಾವಟಿಯ ಚರಿತ್ರೆಯನ್ನು ಮೈಮೇಲೆ ಹೊತ್ತ ಸಮುದಾಯಕ್ಕೆ, ಆ ಚಿತ್ರದಲ್ಲಿ ಅಂಬೇಡ್ಕರರ ಹಿಂದೆ ಎತ್ತಿದ ಚಾವಟಿಯು ವಿನೋದವಾಗಿ ಕಾಣಲಿಲ್ಲ. ಈ ನೋವನ್ನು ಅಸಹನೆಯೆಂದು ತಳ್ಳಿಹಾಕುವುದು ಅನ್ಯಾಯ. ಹಾಗೆಂದು ಶಂಕರರ ಮೇಲೆ ದುರುದ್ದೇಶವನ್ನು ಆರೋಪಿಸುವುದೂ ಅನ್ಯಾಯ.

ತಾತ್ಪರ್ಯ

ಈ ಚರಿತ್ರೆಯಿಂದ ಕೆಲವು ವಿವೇಚನೆಗಳು ಸಿದ್ಧವಾಗುತ್ತವೆ. ಒಂದು ನಂಬಿಕೆಯನ್ನು ವಿಮರ್ಶಿಸುವುದು ಬೇರೆ, ಅದನ್ನು ನಂಬಿದ ಜನರನ್ನು ಮನುಷ್ಯರಲ್ಲವೆಂಬಂತೆ ಚಿತ್ರಿಸುವುದು ಬೇರೆ. ಮೊದಲನೆಯದನ್ನು ಶರಣರೂ ದಾಸರೂ ಮಾಡಿದರು, ಎರಡನೆಯದನ್ನು ದ್ವೇಷಿಗಳು ಮಾಡುತ್ತಾರೆ. ಮಠದ, ಮಸೀದಿಯ, ಅಧಿಕಾರದ ಬಲವುಳ್ಳವರ ಕಡೆಗೆ ತಿರುಗಿದ ವ್ಯಂಗ್ಯಕ್ಕೂ, ಊರ ಹೊರಗೆ ನಿಲ್ಲಿಸಲ್ಪಟ್ಟವರ ಕಡೆಗೆ ತಿರುಗಿದ ವ್ಯಂಗ್ಯಕ್ಕೂ ತೂಕ ಒಂದೇ ಅಲ್ಲ. ಉದ್ದೇಶವನ್ನು ಮುಖ್ಯವಾಗಿಟ್ಟುಕೊಂಡ ಕಾನೂನು ಮೂಲತಃ ವಿವೇಕಯುತವಾದುದೇ. ದೋಷವಿರುವುದು ಉದ್ದೇಶವನ್ನು ಪರೀಕ್ಷಿಸುವ ಮೊದಲೇ ಬಂಧಿಸುವ ಆತುರದಲ್ಲಿ. 2025ರ ಮಾರ್ಚಿನಲ್ಲಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ, ಇಂತಹ ದೂರುಗಳು ಬಂದಾಗ ಪೊಲೀಸರು ಮೊದಲು ಆಡಿದ ಮಾತಿನ ಅರ್ಥವನ್ನು ಪರಿಶೀಲಿಸಬೇಕೆಂದೂ, ಅದನ್ನು ದೃಢಮನಸ್ಕರ ದೃಷ್ಟಿಯಿಂದ ಅಳೆಯಬೇಕೆಂದೂ ಸುಪ್ರೀಂ ಕೋರ್ಟು ಹೇಳಿದುದು ಈ ದೋಷವನ್ನು ತಿದ್ದುವ ದಿಕ್ಕಿನಲ್ಲಿ ಮಹತ್ತ್ವದ ಹೆಜ್ಜೆ. ಹೋಬಳಿಯ ಠಾಣೆಯ ಸಬ್ ಇನ್ಸ್‌ಪೆಕ್ಟರನವರೆಗೂ ಅದು ತಲುಪಿದಾಗಲೇ ಅದಕ್ಕೆ ಬೆಲೆ.

ಸಂಪಾದಕನ ಕರ್ತವ್ಯವೂ ಇಷ್ಟೇ ಗುರುತರವಾದುದು. ಪ್ರಕಟಿಸುವ ಹಕ್ಕು ಇರುವುದೆಲ್ಲವನ್ನೂ ಪ್ರಕಟಿಸಲೇಬೇಕೆಂಬ ನಿಯಮವಿಲ್ಲ. ಆದರೆ ಪ್ರಕಟಿಸತಕ್ಕದ್ದನ್ನು ಭಯದಿಂದ ತಡೆಹಿಡಿಯುವುದನ್ನು ವಿವೇಕವೆಂದು ಕರೆಯಲಾಗದು. ಅನುವಾದದಲ್ಲಿ ಒಂದು ಹೆಸರು ಯಾವ ಪದದ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಕಿವಿಮಾತಾಗಿ ಹರಡಿದಾಗ ಒಂದು ಚಿತ್ರ ಏನಾಗಿ ಮಾರ್ಪಡುತ್ತದೆ ಎಂಬುದನ್ನು ಮುದ್ರಣಕ್ಕೆ ಮುನ್ನ ಯೋಚಿಸುವುದು, ಪ್ರಕಟಿಸಿದ ಮೇಲೆ ಬೆದರಿಕೆಗೆ ಮಣಿಯದೆ ತನ್ನ ಚಿತ್ರಕಾರನ ಬೆನ್ನಿಗೆ ನಿಲ್ಲುವುದು, ಆಕ್ಷೇಪಿಸಿದವನ ಪತ್ರಕ್ಕೆ ಅದೇ ಪುಟದಲ್ಲಿ ಸ್ಥಳ ಕೊಡುವುದು, ಇವು ಮೂರೂ ಸೇರಿದರೆ ಪತ್ರಿಕಾಧರ್ಮ.

ಕೊನೆಯ ಹೊಣೆ ಓದುಗನದು. ಒಂದು ಬರಹ ನಮ್ಮ ದೇವರನ್ನು ನಿಂದಿಸಿದೆಯೆಂದು ಯಾರಾದರೂ ಬಂದು ಹೇಳಿದಾಗ, ಎಲ್ಲಿ, ಕೊಡಿ, ನಾನೇ ಓದುತ್ತೇನೆ ಎಂದು ಕೈ ನೀಡುವ ಒಂದು ಹಳ್ಳಿಯಲ್ಲಿ ಗಲಭೆ ನಡೆಸುವುದು ಯಾವ ಮುಖಂಡನಿಂದಲೂ ಸಾಧ್ಯವಿಲ್ಲ. ಓದಿದ ಮೇಲೂ ನೋವಾದರೆ ಅದನ್ನು ಹೇಳುವ ಹಕ್ಕು ಬರೆದವನ ಹಕ್ಕಿನಷ್ಟೇ ದೊಡ್ಡದು. ಸಂವಿಧಾನದ ಅದೇ ವಿಧಿಯು ಇಬ್ಬರಿಗೂ ಅದನ್ನು ಕೊಟ್ಟಿದೆ. ಆದುದರಿಂದ ಶಾಲೆಗಳಲ್ಲಿ, ಗ್ರಾಮಪಂಚಾಯಿತಿಯ ಗ್ರಂಥಾಲಯಗಳಲ್ಲಿ, ಮಠದ ವಿದ್ಯಾರ್ಥಿನಿಲಯಗಳಲ್ಲಿ ಒಪ್ಪದ ಬರಹವನ್ನು ಕೊನೆಯವರೆಗೆ ಓದುವ ಅಭ್ಯಾಸವನ್ನು ಬೆಳೆಸುವುದು ಯಾವ ನಿಷೇಧದ ಆಜ್ಞೆಗಿಂತಲೂ ಹೆಚ್ಚಾಗಿ ಧರ್ಮವನ್ನೂ ಸ್ವಾತಂತ್ರ್ಯವನ್ನೂ ಏಕಕಾಲದಲ್ಲಿ ಕಾಪಾಡಬಲ್ಲುದು.